ದಂಡಿಗಾನಹಳ್ಳಿ ಕೆರೆಯಲ್ಲಿ ತೇಲಿದ ಆಂಟೆನಾ: ‘ಸರಸ್ 3’ರ ಪ್ರಕರಣ ಅಧ್ಯಯನ

ಚಿಕ್ಕಬಳ್ಳಾಪುರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿ ಇಲ್ಲ. ಇಲ್ಲಿ ಕೆರೆ ತುಂಬಿದರೆ ಸುದ್ದಿ, ಕೋಡಿ ಬಿದ್ದರೆ ಹಬ್ಬ. ಜನ ಬಾಗಿನ ಬಿಡುತ್ತಾರೆ, ಕೆಲವೆಡೆ ದೇವರನ್ನು ತೆಪ್ಪದ ಮೇಲೆ ಕೂರಿಸಿ ನೀರಿನಲ್ಲಿ ಸುತ್ತು ಹಾಕಿಸುತ್ತಾರೆ. 2020ರ ಆರಂಭದಲ್ಲಿ ಗೌರಿಬಿದನೂರು ಸೀಮೆಯ ದಂಡಿಗಾನಹಳ್ಳಿ ಕೆರೆಯ ಮೇಲೂ ಒಂದು ತೆಪ್ಪ ತೇಲಿತು. ಅದರ ಮೇಲಿದ್ದದ್ದು ಲೋಹದ ಒಂದು ದೊಡ್ಡ ತಟ್ಟೆ, ತಟ್ಟೆಯ ನಡುವೆ ತಲೆಕೆಳಗಾಗಿ ನಿಂತ ಲೋಹದ ಶಂಕು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮತ್ತು ಎಂಜಿನಿಯರುಗಳು ಕಟ್ಟಿದ ಆ ಉಪಕರಣದ ಹೆಸರು ‘ಸರಸ್ 3’. ವಿಶ್ವದಲ್ಲಿ ಮೊಟ್ಟಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ರೇಡಿಯೊ ಗುರುತನ್ನು ಹುಡುಕಲು ಅದು ನೀರಿಗಿಳಿದಿತ್ತು. ಎರಡು ವರ್ಷದ ನಂತರ, 2022ರ ಫೆಬ್ರುವರಿ 28ರಂದು, ‘ನೇಚರ್ ಅಸ್ಟ್ರಾನಮಿ’ ಪತ್ರಿಕೆಯಲ್ಲಿ ಅದರ ಫಲಿತಾಂಶ ಬಂತು: ಅಮೆರಿಕದ ಒಂದು ತಂಡ ಆ ಗುರುತನ್ನು ಕಂಡಿದ್ದೇವೆ ಎಂದು 2018ರಲ್ಲಿ ಸಾರಿದ್ದು ಆಕಾಶದಿಂದ ಬಂದದ್ದಲ್ಲ.

ನಾನು ಭೌತಶಾಸ್ತ್ರ ಪಾಠ ಮಾಡುವವನು. ಅಂತಿಮ ವರ್ಷದ ಬಿ.ಎಸ್‌ಸಿ. ವಿದ್ಯಾರ್ಥಿಗಳಿಗೆ ಅಳತೆಯ ದೋಷಗಳ ಪಾಠ ಬಂದಾಗ ಪುಸ್ತಕ ಮುಚ್ಚಿಟ್ಟು ಈ ಪ್ರಕರಣವನ್ನು ಎತ್ತಿಕೊಳ್ಳುತ್ತೇನೆ. ಪತ್ರಿಕೆಗಳು ಇದನ್ನು ‘ಅಮೆರಿಕದ ವಾದವನ್ನು ಮಣಿಸಿದ ಭಾರತದ ದೂರದರ್ಶಕ’ ಎಂಬ ಧಾಟಿಯಲ್ಲಿ ಬರೆದವು. ಕ್ರಿಕೆಟ್ ಪಂದ್ಯದ ವರದಿಯಂತೆ ಓದಿಕೊಳ್ಳಲು ಅದು ಚೆನ್ನ. ಆದರೆ ಈ ಪ್ರಕರಣದ ತಿರುಳು ಆಂಟೆನಾದ ಮೇಲೆ ಇದ್ದ ಆಕಾಶದಲ್ಲಿಲ್ಲ, ಅದರ ಕೆಳಗೆ ಇದ್ದ ನೆಲದಲ್ಲಿದೆ. ಆಕಾಶ ಇಬ್ಬರಿಗೂ ಒಂದೇ. ಒಬ್ಬರು ಮಣ್ಣಿನ ಮೇಲೆ ನಿಂತು ಕೇಳಿದರು, ಇನ್ನೊಬ್ಬರು ನೀರಿನ ಮೇಲೆ.

ವಾದ ಏನಿತ್ತು

2018ರ ಮಾರ್ಚ್ 1ರ ‘ನೇಚರ್’ ಸಂಚಿಕೆಯಲ್ಲಿ ಜುಡ್ ಬೋಮನ್, ಅಲನ್ ರೋಜರ್ಸ್ ಮತ್ತು ಸಂಗಡಿಗರ ಪ್ರಬಂಧ ಪ್ರಕಟವಾಯಿತು. ಪಶ್ಚಿಮ ಆಸ್ಟ್ರೇಲಿಯಾದ ಮರ್ಚಿಸನ್ ಎಂಬ ಜನವಿರಳ ಬಯಲಿನಲ್ಲಿ ಅವರು ‘ಎಡ್ಜಸ್’ ಎಂಬ ಆಂಟೆನಾ ನಿಲ್ಲಿಸಿದ್ದರು. ನೋಡಲು ಅದು ಕಾಲು ಕೊಟ್ಟ ಒಂದು ಮೇಜು, ಅಷ್ಟೇ. ಆ ಮೇಜು ಇಡೀ ಆಕಾಶದಿಂದ ಬರುವ ರೇಡಿಯೊ ಅಲೆಗಳನ್ನು ಒಟ್ಟಾಗಿ ಅಳೆಯುತ್ತಿತ್ತು. 78 ಮೆಗಾಹರ್ಟ್ಸ್ ಸುತ್ತಮುತ್ತ, ಸುಮಾರು 19 ಮೆಗಾಹರ್ಟ್ಸ್ ಅಗಲದ ಒಂದು ತಗ್ಗು ಕಂಡಿತು. ರೇಡಿಯೊ ಅಲೆಯ ಬಲವನ್ನು ಉಷ್ಣತೆಯ ಮಾನವಾದ ಕೆಲ್ವಿನ್ನಿನಲ್ಲಿ ಹೇಳುವುದು ರೂಢಿ, ಆ ಲೆಕ್ಕದಲ್ಲಿ ತಗ್ಗಿನ ಆಳ ಅರ್ಧ ಕೆಲ್ವಿನ್.

ತಗ್ಗು ಎಂದರೆ ಏನು? ಹೈಡ್ರೋಜನ್ ಪರಮಾಣು 21 ಸೆಂಟಿಮೀಟರ್ ಉದ್ದದ, ಅಂದರೆ 1420 ಮೆಗಾಹರ್ಟ್ಸ್ ಕಂಪನದ ರೇಡಿಯೊ ಅಲೆಯನ್ನು ಹೊರಸೂಸಬಲ್ಲದು, ಹೀರಲೂ ಬಲ್ಲದು. ವಿಶ್ವ ಹಿಗ್ಗಿದಂತೆ ದಾರಿಯಲ್ಲಿರುವ ಅಲೆಯೂ ಹಿಗ್ಗುತ್ತದೆ. 78 ಮೆಗಾಹರ್ಟ್ಸಿನಲ್ಲಿ ಅದು ನಮ್ಮನ್ನು ತಲುಪಿತೆಂದರೆ ಹದಿನೆಂಟು ಪಟ್ಟು ಹಿಗ್ಗಿ ಸುಮಾರು 3.8 ಮೀಟರ್ ಉದ್ದವಾಗಿದೆ ಎಂದರ್ಥ. ಹಾಗಿದ್ದರೆ ಅದು ಹೊರಟದ್ದು ಮಹಾಸ್ಫೋಟದ ನಂತರ ಸುಮಾರು 18 ಕೋಟಿ ವರ್ಷಕ್ಕೆ. ಇಂದಿನ ವಿಶ್ವದ ವಯಸ್ಸು 1380 ಕೋಟಿ ವರ್ಷ. ನೂರು ವರ್ಷ ತುಂಬಿದ ಅಜ್ಜಿಯ ಬದುಕಿಗೆ ಹೋಲಿಸಿದರೆ ಅದು ಒಂದು ವರ್ಷ ನಾಲ್ಕು ತಿಂಗಳ ಕೂಸು, ಗೋಡೆ ಬಿಟ್ಟು ಹೆಜ್ಜೆ ಇಡುತ್ತಿರುವ ವಯಸ್ಸು.

ಮೊದಲ ನಕ್ಷತ್ರಗಳು ಹೊತ್ತಿಕೊಂಡಾಗ ಅವುಗಳ ನೇರಳಾತೀತ ಬೆಳಕು ಸುತ್ತಲಿನ ಹೈಡ್ರೋಜನ್ನಿಗೆ ತಾಗುತ್ತದೆ. ಅಲ್ಲಿಯವರೆಗೆ ಹಿನ್ನೆಲೆ ವಿಕಿರಣದ, ಅಂದರೆ ಮಹಾಸ್ಫೋಟದಿಂದ ಉಳಿದು ಎಲ್ಲೆಡೆ ಹರಡಿರುವ ಅಲೆಗಳ, ಉಷ್ಣತೆಗೆ ಹೊಂದಿಕೊಂಡಿದ್ದ ಪರಮಾಣುಗಳು ಆಗ ತಮ್ಮ ಅನಿಲದ ನಿಜವಾದ ತಂಪನ್ನು ಹೊರಗೆಡಹುತ್ತವೆ. ಆ ಹೊತ್ತಿಗೆ ಹಿನ್ನೆಲೆ ವಿಕಿರಣ ಸುಮಾರು 50 ಕೆಲ್ವಿನ್, ಅನಿಲ ಸುಮಾರು 7 ಕೆಲ್ವಿನ್. ಬಿಸಿಯ ಹಿನ್ನೆಲೆಯ ಮುಂದೆ ತಣ್ಣನೆಯ ಅನಿಲ ನಿಂತರೆ ಅದು ಅಲೆಯನ್ನು ಹೀರುತ್ತದೆ. ಆ ಹೀರಿಕೆಯೇ ತಗ್ಗು.

ತೊಂದರೆ ಇದ್ದದ್ದು ಆಳದಲ್ಲಿ. ಇದ್ದ ಸಿದ್ಧಾಂತ ಎಷ್ಟು ಎಳೆದರೂ 0.2 ಕೆಲ್ವಿನ್ ಸುಮಾರಿಗೆ ನಿಲ್ಲುತ್ತದೆ. ಎಡ್ಜಸ್ ಕಂಡದ್ದು ಅದರ ಎರಡು ಪಟ್ಟಿಗೂ ಹೆಚ್ಚು. ಅದೇ ಸಂಚಿಕೆಯಲ್ಲಿ ರೆನ್ನನ್ ಬರ್ಕಾನಾ ಎಂಬ ಸಿದ್ಧಾಂತಿ ಇನ್ನೊಂದು ಪ್ರಬಂಧ ಬರೆದು, ಹೈಡ್ರೋಜನ್ನಿನ ಶಾಖವನ್ನು, ಕಣ್ಣಿಗೆ ಕಾಣದೆ ಗುರುತ್ವದಿಂದಷ್ಟೇ ಗೊತ್ತಾಗುವ ಕಪ್ಪು ದ್ರವ್ಯ ಕಸಿದುಕೊಂಡಿದ್ದರೆ ಇಷ್ಟು ಆಳ ಸಾಧ್ಯ ಎಂದರು. ಕಪ್ಪು ದ್ರವ್ಯವು ಗುರುತ್ವದ ಹೊರತಾಗಿ ಯಾವುದಕ್ಕಾದರೂ ಸ್ಪಂದಿಸಿದ ಕುರುಹು ಇದುವರೆಗೆ ಸಿಕ್ಕಿಲ್ಲ. ಹಾಗಾಗಿ ಇದು ಚಿಕ್ಕ ಮಾತಲ್ಲ. ಪ್ರಬಂಧಗಳ ಸುರಿಮಳೆಯಾಯಿತು. ಎಲ್ಲವೂ ಒಂದು ಮೇಜಿನಾಕಾರದ ಆಂಟೆನಾದ ಮಾತನ್ನು ನಂಬಿ.

ಲ್ಯಾಕ್ಟೋಮೀಟರಿನ ಪಾಠ

ನಮ್ಮ ವಿದ್ಯಾರ್ಥಿಗಳಲ್ಲಿ ಅರ್ಧಕ್ಕರ್ಧ ಮಂದಿಯ ಮನೆಯಲ್ಲಿ ಹಸುಗಳಿವೆ. ಆದ್ದರಿಂದ ಈ ಕಷ್ಟವನ್ನು ನಾನು ಹಾಲಿನ ಡೈರಿಯಿಂದ ಶುರು ಮಾಡುತ್ತೇನೆ. 78 ಮೆಗಾಹರ್ಟ್ಸಿನಲ್ಲಿ ನಮ್ಮದೇ ಆಕಾಶಗಂಗೆಯ ರೇಡಿಯೊ ಗದ್ದಲ ಸಾವಿರ–ಎರಡು ಸಾವಿರ ಕೆಲ್ವಿನ್ನಿನಷ್ಟಿರುತ್ತದೆ. ಅದರೊಳಗೆ ಅರ್ಧ ಕೆಲ್ವಿನ್ ಹುಡುಕುವುದೆಂದರೆ ನಾಲ್ಕು ಸಾವಿರ ಲೀಟರಿನ ಟ್ಯಾಂಕರಿಗೆ ಒಂದು ಲೀಟರ್ ನೀರು ಬೆರೆತಿದೆಯೇ ಎಂದು ಕಂಡುಹಿಡಿದಂತೆ. ಡೈರಿಯ ಕಾರ್ಯದರ್ಶಿ ಲ್ಯಾಕ್ಟೋಮೀಟರ್ ಇಳಿಬಿಡುತ್ತಾರೆ. ಅಷ್ಟು ಸೂಕ್ಷ್ಮ ಅದಕ್ಕೆಲ್ಲಿ? ಇನ್ನೊಂದು ತೊಡಕೂ ಇದೆ: ಆಗ ತಾನೇ ಕರೆದ ಬೆಚ್ಚನೆಯ ಹಾಲಿನಲ್ಲಿ ಲ್ಯಾಕ್ಟೋಮೀಟರ್ ಹೆಚ್ಚು ಮುಳುಗುತ್ತದೆ. ಉಷ್ಣತೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಒಂದು ತೊಟ್ಟು ನೀರು ಬೆರೆಸದವನ ಮೇಲೂ ಆಪಾದನೆ ಬೀಳುತ್ತದೆ. ಕಡ್ಡಿ ಸುಳ್ಳು ಹೇಳಲಿಲ್ಲ. ಅದು ಹಾಲಿನ ಸಾಂದ್ರತೆಯ ಜೊತೆಗೆ ತನಗೆ ತಾಗಿದ ಬಿಸಿಯನ್ನೂ ಸೇರಿಸಿ ಹೇಳಿತು.

ನಾನೂ ಇಂಥ ಆಪಾದನೆ ಹೊರಿಸಿದವನೇ. ಕೆಲವು ವರ್ಷಗಳ ಹಿಂದೆ ಪ್ರಯೋಗಾಲಯದಲ್ಲಿ ತಂತಿಯ ಆಂಟೆನಾ ಕಟ್ಟಿ, ಹಳೆಯ ಟ್ರಾನ್ಸಿಸ್ಟರಿಗೆ ಜೋಡಿಸಿ, ಸ್ಟೇಷನ್ ಇಲ್ಲದ ಜಾಗದಲ್ಲಿ ಮುಳ್ಳು ನಿಲ್ಲಿಸಿ, ‘ಈ ಸದ್ದಿನಲ್ಲಿ ಆಕಾಶಗಂಗೆಯ ಪಾಲೂ ಇದೆ’ ಎಂದು ತರಗತಿಗೆ ಗಂಭೀರವಾಗಿ ಹೇಳಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಟ್ಯೂಬ್‌ಲೈಟ್ ಆರಿಸಿದ. ಸದ್ದಿನ ಬಹುಪಾಲು ನಿಂತುಹೋಯಿತು. ನನ್ನ ಆಕಾಶಗಂಗೆ ಚೋಕ್‌ನೊಳಗೆ ಇತ್ತು. ಆ ದಿನದಿಂದ ಆ ಹುಡುಗನಿಗೆ ನಾನು ಕೊಟ್ಟ ಗೌರವ ಕಡಿಮೆಯಾಗಿಲ್ಲ.

ಎಡ್ಜಸ್ ತಂಡ ನನ್ನಷ್ಟು ಅಮಾಯಕವಲ್ಲ. ವರ್ಷಗಟ್ಟಲೆ ಪರೀಕ್ಷಿಸಿದ್ದರು, ಆಂಟೆನಾವನ್ನು ತಿರುಗಿಸಿ ನೋಡಿದ್ದರು, ಎರಡು ಪ್ರತಿ ಕಟ್ಟಿ ಹೋಲಿಸಿದ್ದರು. ಆದರೂ ಒಂದು ಸಂದೇಹ ಉಳಿಯಿತು. ಆಕಾಶಗಂಗೆಯ ಗದ್ದಲ ಕಂಪನಾಂಕ ಏರಿದಂತೆ ನುಣುಪಾಗಿ ಇಳಿಯುತ್ತದೆ. ಆ ನುಣುಪು ಗೆರೆಯನ್ನು ಕಳೆದರೆ ಉಳಿಯುವುದು ಹೈಡ್ರೋಜನ್ನಿನ ತಗ್ಗು ಎಂಬುದು ಲೆಕ್ಕ. ಉಪಕರಣವೇ ಒಂದು ಸಣ್ಣ ಏರಿಳಿತವನ್ನು ಸೇರಿಸಿದರೆ ಅದೂ ಅದೇ ಜಾಗದಲ್ಲಿ ಉಳಿಯುತ್ತದೆ. ಆಂಟೆನಾ ಮತ್ತು ರಿಸೀವರ್ ನಡುವೆ ಅಲೆ ಹಿಂದೆ ಮುಂದೆ ಪುಟಿದರೆ ಏರಿಳಿತ. ಕೆಳಗಿನ ನೆಲದಿಂದ ಅಲೆ ಮರಳಿ ಬಂದರೂ ಏರಿಳಿತ.

ಎಡ್ಜಸ್ ಆಂಟೆನಾದ ಕೆಳಗೆ ಸುಮಾರು 30 ಮೀಟರ್ ಉದ್ದಗಲದ ಲೋಹದ ಜಾಲರಿ ಹಾಸಿದ್ದರು. ಜಾಲರಿಗೂ ಅಂಚು ಇರುತ್ತದೆ, ಅಂಚಿನಾಚೆ ಮಣ್ಣು ಇರುತ್ತದೆ. 2018ರಲ್ಲೇ ರಿಚರ್ಡ್ ಹಿಲ್ಸ್, ಗಿರೀಶ್ ಕುಲಕರ್ಣಿ ಮತ್ತಿಬ್ಬರು, ದತ್ತಾಂಶಕ್ಕೆ ಹೊಂದಿಸಿದ ಮಾದರಿಯೇ ಭೌತಿಕವಾಗಿ ನಂಬಲರ್ಹವಲ್ಲ ಎಂದು ‘ನೇಚರ್’ಗೆ ಆಕ್ಷೇಪ ಬರೆದರು. 2019ರಲ್ಲಿ ಅಮೆರಿಕದ್ದೇ ಇನ್ನೊಂದು ತಂಡ, ಜಾಲರಿ ಮತ್ತು ಅದರಡಿಯ ಮಣ್ಣು ಸೇರಿ ಇಂಥದೇ ತಗ್ಗನ್ನು ಹುಟ್ಟಿಸಬಲ್ಲವು ಎಂದು ತೋರಿಸಿತು. ರಾಮನ್ ಸಂಸ್ಥೆಯ ಸೌರಭ್ ಸಿಂಗ್ ಮತ್ತು ರವಿ ಸುಬ್ರಹ್ಮಣ್ಯನ್ ಅದೇ ವರ್ಷ ಎಡ್ಜಸ್ ದತ್ತಾಂಶವನ್ನೇ ಮರುಲೆಕ್ಕ ಹಾಕಿ, ಉಪಕರಣದ ಅಲೆಯಾಕಾರದ ದೋಷವೊಂದಿದೆ ಎಂದುಕೊಂಡರೂ ಅಂಕಿಗಳು ಹೊಂದುತ್ತವೆ ಎಂದರು.

ಇಷ್ಟಾದರೂ ಇದು ಕಾಗದದ ಮೇಲಿನ ಜಗಳ. ಇನ್ನೊಂದು ಉಪಕರಣ, ಇನ್ನೊಂದು ನೆಲದ ಮೇಲೆ ನಿಂತು, ಅದೇ ಆಕಾಶವನ್ನು ಕೇಳದೆ ತೀರುವಂಥದ್ದಲ್ಲ.

ಕಿವಿಗೊಟ್ಟ ಸೀಮೆ

ಗೌರಿಬಿದನೂರಿಗೆ ಇಂಥ ಕೆಲಸ ಹೊಸದಲ್ಲ. 1965ರಲ್ಲಿ ಇಲ್ಲಿ ಭೂಕಂಪನ ಮಾಪಕಗಳ ಸಾಲು ನೆಟ್ಟು, ದೂರದೇಶಗಳ ಭೂಗತ ಅಣುಪರೀಕ್ಷೆಗಳಿಗೆ ಕಿವಿಗೊಡುವ ಕೇಂದ್ರ ಶುರುವಾಯಿತು. ಅದೇ 1965ರಲ್ಲಿ ಪಕ್ಕದ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವು ಸಿಕ್ಕಿತು. 1970ರ ದಶಕದಲ್ಲಿ ಗೌರಿಬಿದನೂರಿನ ಹತ್ತಿರ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಸ್ಥೆ ಸೇರಿ ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ಒಂದು ಸಾವಿರ ಡೈಪೋಲ್ ಆಂಟೆನಾಗಳನ್ನು ನಿಲ್ಲಿಸಿದವು. ಪೂರ್ವ–ಪಶ್ಚಿಮದ ತೋಳು 1.4 ಕಿಲೋಮೀಟರ್. 34.5 ಮೆಗಾಹರ್ಟ್ಸಿನಲ್ಲಿ ಅದು ಆಕಾಶವನ್ನು ಕೇಳಿತು. ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಅದರಿಂದ ತಯಾರಿಸಿದ ಆಕಾಶದ ನಕ್ಷೆ 1990ರಲ್ಲಿ ಪ್ರಕಟವಾಯಿತು. ಅದೇ ಉದಯಶಂಕರ್ ಮೂವತ್ತು ವರ್ಷದ ನಂತರ ಸರಸ್ 3ರ ಪ್ರಬಂಧದ ಲೇಖಕರ ಸಾಲಿನಲ್ಲೂ ಇದ್ದಾರೆ. ಕಡಿಮೆ ಕಂಪನಾಂಕದ ರೇಡಿಯೊ ಕೆಲಸ ಒಂದು ಕಾಲಕ್ಕೆ ಹಳೆಯ ಸರಕು ಎನಿಸಿತ್ತು. ಈಗ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಹಲವು ದೇಶಗಳು ಸೇರಿ ಕಟ್ಟುತ್ತಿರುವ ಎಸ್‌ಕೆಎ ಎಂಬ ರೇಡಿಯೊ ದೂರದರ್ಶಕದ 1,31,072 ಆಂಟೆನಾಗಳ ಕೆಳ ಕಂಪನಾಂಕದ ಭಾಗ ಎದ್ದುನಿಲ್ಲುತ್ತಿದೆ, ಭಾರತವೂ ಅದರ ಸದಸ್ಯ ದೇಶ. ಹೊಲದಲ್ಲಿ ತಂತಿ ಕಟ್ಟಿ ಆಕಾಶ ಕೇಳುವ ಕಸುಬು ಮತ್ತೆ ಮುಂಚೂಣಿಗೆ ಬಂದಿದೆ.

ಸರಸ್ ಸರಣಿಯ ಮೊದಲ ಉಪಕರಣವೂ ಗೌರಿಬಿದನೂರಿನ ನೆಲದ ಮೇಲೇ ಕೆಲಸ ಮಾಡಿತ್ತು. ಎರಡನೆಯದು ಗಡಿಯಾಚೆಯ ಅನಂತಪುರ ಸೀಮೆಯ ಟಿಂಬಕ್ಟು ಎಂಬಲ್ಲಿಗೆ ಹೋಯಿತು. ಮೂರನೆಯದು ನೀರಿಗಿಳಿಯಿತು. ಸರಸ್ ಎಂಬುದು ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಆದದ್ದು. ಆದರೆ ಸಂಸ್ಕೃತದಲ್ಲಿ ‘ಸರಸ್’ ಎಂದರೆ ಕೆರೆ, ಸರೋವರ. ಹೆಸರು ಮೊದಲು ಬಂತು, ಕೆರೆ ಆಮೇಲೆ. ತರಗತಿಯಲ್ಲಿ ಇದನ್ನು ಹೇಳಿದಾಗ ಕನ್ನಡದ ‘ಸರಸ’ವೇ ಎಲ್ಲರಿಗೂ ನೆನಪಾಗಿ ಐದು ನಿಮಿಷ ಪಾಠ ನಿಂತಿರುತ್ತದೆ.

ಮಣ್ಣು ಬಿಟ್ಟು ನೀರಿಗೆ

ಇಲ್ಲಿ ನಾನು ಕಥೆ ನಿಲ್ಲಿಸಿ ವಿದ್ಯಾರ್ಥಿಗಳ ಕೈಗೆ ಸೀಮೆಸುಣ್ಣ ಕೊಡುತ್ತೇನೆ. ನಿಮ್ಮ ಆಂಟೆನಾದ ಕೆಳಗೆ ಏನಿರಬೇಕು? ಹೆಚ್ಚಿನವರು ಹೇಳುವುದು ‘ಇನ್ನೂ ದೊಡ್ಡ ಜಾಲರಿ’. ಸುಲಭದ ಉತ್ತರ. ಅಂಚು ದೂರ ಸರಿಯುತ್ತದೆ, ಮಾಯವಾಗುವುದಿಲ್ಲ. ಜಾಲರಿಯೇ ಬೇಡ, ಬರಿ ನೆಲ ಸಾಕು ಎನ್ನುವವರಿಗೆ ಬೋರ್‌ವೆಲ್ ಕೊರೆಸಿದವರ ಮಕ್ಕಳೇ ಉತ್ತರ ಕೊಡುತ್ತಾರೆ: ಮೇಲೆ ಕೆಂಪು ಮಣ್ಣು, ಕೆಳಗೆ ಗರಸು, ಅದರಡಿ ಬಂಡೆ. ಬಂಡೆ ಒಬ್ಬರ ಹೊಲದಲ್ಲಿ ಇಪ್ಪತ್ತು ಅಡಿಗೆ ಸಿಕ್ಕರೆ ಪಕ್ಕದವರ ಹೊಲದಲ್ಲಿ ಎಂಬತ್ತಕ್ಕೆ. ಮೇಲಿನ ಮಣ್ಣಿನ ತೇವವಂತೂ ಮಳೆ ಬಂದ ದಿನಕ್ಕೊಂದು, ಬಾರದ ದಿನಕ್ಕೊಂದು. ನಾಲ್ಕೈದು ಮೀಟರ್ ಉದ್ದದ ಅಲೆ ಮಣ್ಣಿನೊಳಗೆ ಇಳಿದು, ಪ್ರತಿ ಪದರದಿಂದ ಸ್ವಲ್ಪ ಸ್ವಲ್ಪ ಮರಳಿ ಬಂದು ಆಂಟೆನಾಕ್ಕೆ ತಾಗುತ್ತದೆ. ಪದರಗಳ ಲೆಕ್ಕ ಕರಾರುವಾಕ್ಕಾಗಿ ಗೊತ್ತಿಲ್ಲದೆ ಆ ಪ್ರತಿಧ್ವನಿಯ ಲೆಕ್ಕವೂ ಸಿಗದು.

ನೀರಿಗೆ ಪದರವಿಲ್ಲ. ಅಂಗೈಯಲ್ಲಿ ಹಿಡಿದ ನೀರೂ ಹತ್ತು ಅಡಿ ಆಚೆಯ ನೀರೂ ಬಹುಮಟ್ಟಿಗೆ ಒಂದೇ. ರೇಡಿಯೊ ಅಲೆಗೆ ನೀರು ಗಟ್ಟಿ ವಸ್ತು: ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎಂದು ಹೇಳುವ ಪರಾವೈದ್ಯುತ ಸ್ಥಿರಾಂಕ ನೀರಿಗೆ ಸುಮಾರು 80, ಒಣ ಮಣ್ಣಿನದು ಕೆಲವೇ ಅಂಕಿ. ಆದ್ದರಿಂದ ನೀರು ಅಲೆಯನ್ನು ಬಲವಾಗಿ ಹಿಂದಕ್ಕೆ ಕಳಿಸುತ್ತದೆ, ಒಂದೇ ಸಮನಾಗಿ ಕಳಿಸುತ್ತದೆ. ಚಿಕ್ಕ ಶಂಕುವಿನಾಕಾರದ ಆಂಟೆನಾಕ್ಕೆ ಅದರಿಂದ ಇನ್ನೊಂದು ಲಾಭ: ಅಲೆಯ ಶಕ್ತಿ ನೆಲದಲ್ಲಿ ಪೋಲಾಗುವುದು ತಗ್ಗಿ ಆಂಟೆನಾದ ದಕ್ಷತೆ ಏರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ನೀರನ್ನು ಒಂದು ಬಾಟಲಿಯಲ್ಲಿ ತುಂಬಿ ತಂದು ಅಳೆಯಬಹುದು. ಕಾಲಡಿಯ ಮೂವತ್ತು ಅಡಿ ನೆಲವನ್ನು ಬಾಟಲಿಗೆ ತುಂಬಲಾಗದು.

ಉಪಕರಣದ ಉಳಿದ ಭಾಗಗಳಲ್ಲೂ ಇದೇ ಜಿಪುಣತನ ಕಾಣುತ್ತದೆ. ಜಿಪುಣತನ ಎಂದೆ, ಏಕೆಂದರೆ ದೋಷಕ್ಕೆ ಒಂದು ಅಂಗುಲವೂ ಜಾಗ ಬಿಡಬಾರದೆಂಬ ಹಟ ಅದು. ಉದ್ದನೆಯ ತಂತಿಯಲ್ಲಿ ಅಲೆ ಪುಟಿಯುತ್ತದೆ, ಆದ್ದರಿಂದ ರಿಸೀವರನ್ನು ತಟ್ಟೆಯ ಕೆಳಗೇ ಇಟ್ಟರು. ಅಲ್ಲಿಂದ ದಡಕ್ಕೆ ತಾಮ್ರದ ತಂತಿಯ ಬದಲು ಆಪ್ಟಿಕಲ್ ಫೈಬರ್. ಆಂಟೆನಾದ ರೂಪವನ್ನೂ ಕಂಪನಾಂಕದ ಉದ್ದಕ್ಕೂ ಅದರ ನೋಟ ಬದಲಾಗದಂತೆ ಆರಿಸಿದರು. ಅಂತಿಮ ವಿಶ್ಲೇಷಣೆಗೆ ಬಳಕೆಯಾದ ವ್ಯಾಪ್ತಿ 55ರಿಂದ 85 ಮೆಗಾಹರ್ಟ್ಸ್. ಅದರಾಚೆಗೆ ಎಫ್‌ಎಂ ಸ್ಟೇಷನ್‌ಗಳ ಸಂತೆ ಶುರುವಾಗುತ್ತದೆ.

ಎಫ್‌ಎಂ ಹಾವಳಿ ಸಣ್ಣದಲ್ಲ. ದಿಗಂತದಾಚೆಯ ಸ್ಟೇಷನ್ ನೇರವಾಗಿ ಕೇಳಿಸದಿದ್ದರೂ ಮೇಲೆ ಹಾರುವ ವಿಮಾನದ ಮೈಗೆ ತಾಗಿ ಅದರ ಅಲೆ ಕೆಳಗಿಳಿಯುತ್ತದೆ. ದೇವನಹಳ್ಳಿಯ ವಿಮಾನ ನಿಲ್ದಾಣ ನಮ್ಮ ನೆರೆಮನೆ ಎಂಬುದನ್ನು ನೆನಪಿಡಿ. ವಿದ್ಯುತ್ ತಂತಿಯ ಕಿಡಿ, ಪಂಪ್‌ಸೆಟ್ಟಿನ ಸ್ಟಾರ್ಟರ್, ಯಾರದೋ ಬೈಕಿನ ಸ್ಪಾರ್ಕ್ ಪ್ಲಗ್, ಎಲ್ಲವೂ ರೇಡಿಯೊ ಸದ್ದು ಮಾಡುತ್ತವೆ. ಹಾಗಾಗಿ ಕೆರೆ ಹುಡುಕುವಾಗ ನಮ್ಮ ಮನೆಗಳಲ್ಲಿ ಗಂಡು ಹುಡುಕುವಷ್ಟೇ ಷರತ್ತುಗಳು: ನೀರು ಸಿಹಿಯಾಗಿರಬೇಕು, ಆಳವಿರಬೇಕು, ವಿಸ್ತಾರವಿರಬೇಕು, ಊರಿಗೆ ದೂರವಿರಬೇಕು, ಆದರೆ ವ್ಯಾನು ಹೋಗುವಷ್ಟು ದಾರಿ ಇರಬೇಕು. ದಂಡಿಗಾನಹಳ್ಳಿಯ ಕೆರೆ ಮತ್ತು ಶರಾವತಿಯ ಹಿನ್ನೀರು, ಎರಡೂ ಕಡೆ ತೆಪ್ಪ ತೇಲಿತು. (ಆಮೇಲೆ ಬಂದ ಸುದ್ದಿಗಳು ಎರಡನ್ನೂ ‘ಉತ್ತರ ಕರ್ನಾಟಕದ ಕೆರೆಗಳು’ ಎಂದವು. ಗೌರಿಬಿದನೂರನ್ನು ಉತ್ತರ ಕರ್ನಾಟಕಕ್ಕೆ ಸೇರಿಸಿದ ಖ್ಯಾತಿಯೂ ಈ ಪ್ರಯೋಗಕ್ಕೇ ಸಲ್ಲಬೇಕು.) 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂದು ದೇಶವೇ ಮನೆಯೊಳಗೆ ಕುಳಿತುಕೊಂಡಿತು. ತಂಡಕ್ಕೆ ಲೆಕ್ಕ ಹಾಕಲು ಬೇಕಾದಷ್ಟು ಸಮಯ ಸಿಕ್ಕಿರಬೇಕು.

‘ಇಲ್ಲ’ ಎಂಬ ಉತ್ತರ

ವಿಶ್ಲೇಷಣೆಯ ಬಗೆಯನ್ನು ಸರಳವಾಗಿ ಹೀಗೆ ಹೇಳಬಹುದು. ಎಡ್ಜಸ್ ತಂಡ ತಗ್ಗಿನ ಜಾಗ, ಅಗಲ, ಆಳ ಮೂರನ್ನೂ ಅಂಕಿಯಲ್ಲಿ ಕೊಟ್ಟಿತ್ತು. ಆ ಮಟ್ಟಿಗೆ ಅವರದು ಪ್ರಾಮಾಣಿಕ ವಾದ, ಕೈಗೆ ಸಿಗುವ ವಾದ. ಸರಸ್ ತಂಡ ತನ್ನ ದತ್ತಾಂಶದಿಂದ ಆಕಾಶಗಂಗೆಯ ನುಣುಪು ಗೆರೆಯನ್ನು ಬೇರ್ಪಡಿಸಿ, ಉಳಿದದ್ದರಲ್ಲಿ ಆ ಆಕಾರಕ್ಕೆ ಜಾಗವಿದೆಯೇ ಎಂದು ಹುಡುಕಿತು. ಸಿಗಲಿಲ್ಲ. ಎಡ್ಜಸ್ ಕೊಟ್ಟ ಅತ್ಯುತ್ತಮ ಆಕಾರವನ್ನು 95.3% ವಿಶ್ವಾಸದಲ್ಲಿ ತಳ್ಳಿಹಾಕಬಹುದು ಎಂಬುದು ಪ್ರಬಂಧದ ಮಾತು.

ಈ 95.3% ಎಂಬ ಅಂಕಿಯ ಬಳಿ ನಾನು ತರಗತಿಯನ್ನು ಹೆಚ್ಚು ಹೊತ್ತು ನಿಲ್ಲಿಸುತ್ತೇನೆ. ಪರೀಕ್ಷೆಯಲ್ಲಿ 95 ಬಂದರೆ ಮನೆಯಲ್ಲಿ ಪಾಯಸ ಮಾಡುತ್ತಾರೆ. ಅಳತೆಯ ಲೋಕದಲ್ಲಿ ಅದು ಅಷ್ಟು ದೊಡ್ಡ ಅಂಕವಲ್ಲ. ಕಣ ಭೌತಶಾಸ್ತ್ರಜ್ಞರು ‘ಕಂಡೆವು’ ಎಂದು ಹೇಳಲು ಐದು ಸಿಗ್ಮಾ ಕೇಳುತ್ತಾರೆ. ಸಿಗ್ಮಾ ಎಂದರೆ ಅಳತೆಯ ಆಕಸ್ಮಿಕ ಏರುಪೇರಿನ ಮಾನ, ಅದು ಹೆಚ್ಚಿದಷ್ಟೂ ಕಂಡದ್ದು ಬರಿ ಆಕಸ್ಮಿಕವಾಗಿರುವ ಸಂಭವ ಕಡಿಮೆ. ಇಲ್ಲಿನ 95.3% ಸುಮಾರು ಎರಡು ಸಿಗ್ಮಾ. ‘ಎಡ್ಜಸ್ ಸುಳ್ಳೆಂದು ಸಾಬೀತು’ ಎಂಬ ಶೀರ್ಷಿಕೆ ಬರೆದವರು ಆ ಅಂಕಿಯನ್ನು ಓದದೆ ಬರೆದರು ಎಂದೇ ನನ್ನ ಅಭಿಪ್ರಾಯ.

ಹಾಗೆಂದು ಫಲಿತಾಂಶ ಬಡವಾಗುವುದಿಲ್ಲ. ಸಾಕ್ಷ್ಯ ಒದಗಿಸುವ ಹೊಣೆ ಯಾರದು ಎಂಬುದನ್ನು ನೋಡಬೇಕು. ಹೊಸ ಭೌತಶಾಸ್ತ್ರ ಬೇಕೆನ್ನುವಂಥ ತಗ್ಗನ್ನು ಕಂಡೆವು ಎಂದವರು ಅವರು. ಸ್ವತಂತ್ರವಾಗಿ ಕಟ್ಟಿದ, ಬೇರೆ ಬಗೆಯ, ಸಾಕಷ್ಟು ಸೂಕ್ಷ್ಮವಾದ ಇನ್ನೊಂದು ಉಪಕರಣ ಅದೇ ಜಾಗದಲ್ಲಿ ನೋಡಿ ‘ಇಲ್ಲ’ ಎಂದಿತು. ಅಲ್ಲಿಗೆ ಕಪ್ಪು ದ್ರವ್ಯದ ಹೊಸ ಗುಣವನ್ನು ಹೇಳಲು ಇದ್ದ ಆಧಾರ ಅಲುಗಾಡಿತು. ಇನ್ನೊಬ್ಬರು ಹೇಳಿದ್ದನ್ನು ಪರೀಕ್ಷಿಸುವುದರಲ್ಲಿ ಏನು ದೊಡ್ಡಸ್ತಿಕೆ ಎಂದು ಒಮ್ಮೆ ಒಬ್ಬ ಸಹೋದ್ಯೋಗಿ ಕೇಳಿದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಪರಮಾಣು ಭೌತಶಾಸ್ತ್ರ ಓದಿ, 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದ ಎಚ್. ನರಸಿಂಹಯ್ಯನವರ ಊರಿನಲ್ಲಿ ನಿಂತು ಈ ಪ್ರಶ್ನೆ ಕೇಳುತ್ತಿದ್ದೀರಲ್ಲ ಎಂದೆ. ಅವರು ನಕ್ಕು ಚಹಾ ತರಿಸಿದರು.

ಸರಸ್ 3 ಹೇಳದೇ ಇದ್ದದ್ದನ್ನೂ ಇಲ್ಲೇ ಹೇಳಿಬಿಡಬೇಕು. ಮೊದಲ ನಕ್ಷತ್ರಗಳ ಗುರುತು ಇಲ್ಲವೆಂದು ಅದು ಹೇಳಲಿಲ್ಲ. ಅದು ಇಲ್ಲವೆಂದದ್ದು ಎಡ್ಜಸ್ ವರ್ಣಿಸಿದ ಅಷ್ಟು ಆಳದ, ಆ ಆಕಾರದ ತಗ್ಗನ್ನು. ಸಿದ್ಧಾಂತ ಹೇಳುವ ಆಳವಿಲ್ಲದ ತಗ್ಗು ಇನ್ನೂ ಯಾರ ಕೈಗೂ ಸಿಕ್ಕಿಲ್ಲ, ಸರಸ್ ಕೈಗೂ ಸಿಕ್ಕಿಲ್ಲ. ಆದರೆ ಆ ‘ಇಲ್ಲ’ದಿಂದಲೂ ಬೆಳೆ ತೆಗೆದರು: 2022ರ ಕೊನೆಗೆ ಅದೇ ದತ್ತಾಂಶ ಬಳಸಿ, ವಿಶ್ವಕ್ಕೆ ಸುಮಾರು 20 ಕೋಟಿ ವರ್ಷವಾಗಿದ್ದಾಗಿನ ಗೆಲಾಕ್ಸಿಗಳು ರೇಡಿಯೊ ಅಲೆಯಲ್ಲಿ ಎಷ್ಟು ಪ್ರಖರವಾಗಿರಲು ಸಾಧ್ಯವಿಲ್ಲ ಎಂಬುದಕ್ಕೆ ಮಿತಿ ಹಾಕಿದ ಪ್ರಬಂಧ ಬಂತು. ಅದರ ಲೇಖಕರಲ್ಲಿ ರೆನ್ನನ್ ಬರ್ಕಾನಾ ಕೂಡ ಒಬ್ಬರು, ಎಡ್ಜಸ್ ತಗ್ಗಿಗೆ ಕಪ್ಪು ದ್ರವ್ಯದ ವಿವರಣೆ ಕೊಟ್ಟವರೇ. ಹಾಗಾಗಿ ಭಾರತ–ಅಮೆರಿಕ ಪಂದ್ಯದ ಕಥೆ ನನಗೆ ರುಚಿಸುವುದಿಲ್ಲ.

ಕೆರೆಯ ತಳ

ಈ ವರ್ಷ ತರಗತಿಯಲ್ಲಿ ಮಂಚೇನಹಳ್ಳಿ ಕಡೆಯ ಹುಡುಗಿಯೊಬ್ಬಳು ಕೈಯೆತ್ತಿದಳು.

“ಸರ್, ನೀರಿಗೆ ಪದರವಿಲ್ಲ ಎಂದಿರಿ. ಸರಿ. ಆದರೆ ಕೆರೆಗೆ ತಳ ಇರುತ್ತದಲ್ಲ. ನಮ್ಮೂರ ಕೆರೆಯ ಅಂಗಳ ಒಂದೇ ಸಮ ಇಲ್ಲ, ಹೂಳು ತೆಗೆದ ಕಡೆ ಗುಂಡಿ, ಉಳಿದ ಕಡೆ ದಿಬ್ಬ. ಅಲೆ ತಳಕ್ಕೆ ಹೋಗಿ ಮರಳಿ ಬಂದರೆ ಮತ್ತೆ ಅದೇ ಕಥೆಯಾಗಲಿಲ್ಲವೇ?”

ಇಷ್ಟು ವರ್ಷ ಪಾಠ ಮಾಡಿದರೂ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಹಲಗೆಯ ಮೇಲೆ ಲೆಕ್ಕ ಹಾಕಿದೆವು. ನೀರಿನೊಳಗೆ ಅಲೆ ಎಷ್ಟು ದೂರ ಹೋಗುತ್ತದೆ ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ನೀರಿನ ವಿದ್ಯುತ್ ವಾಹಕತೆ, ಅಂದರೆ ಅದರಲ್ಲಿ ಕರಗಿದ ಲವಣ. ಉದಾಹರಣೆಗೆ ಎರಡು ಅಂಕಿ ಹಿಡಿದೆವು. ವಾಹಕತೆ ಸೆಂಟಿಮೀಟರಿಗೆ 500 ಮೈಕ್ರೊಸೀಮೆನ್ಸ್ ಇದ್ದರೆ ಪ್ರತಿ ಮೀಟರಿಗೆ ಅಲೆಯ ಶಕ್ತಿ ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಐದು ಮೀಟರ್ ಇಳಿದು ಐದು ಮೀಟರ್ ಹತ್ತುವಷ್ಟರಲ್ಲಿ ಏನೂ ಉಳಿಯುವುದಿಲ್ಲ. 50 ಇದ್ದರೆ ಪ್ರತಿ ಮೀಟರಿಗೆ ಕಳೆದುಹೋಗುವುದು ಕಾಲು ಭಾಗದಷ್ಟು ಮಾತ್ರ. ಆಗ ಅದೇ ಐದು ಮೀಟರ್ ತಳ ಇಣುಕಿ ನೋಡುತ್ತದೆ, ಇನ್ನೂ ಆಳದ ನೀರು ಬೇಕಾಗುತ್ತದೆ. ಕುಡಿಯಲು ಒಳ್ಳೆಯದೆನಿಸುವ ತಿಳಿನೀರು ಈ ಕೆಲಸಕ್ಕೆ ಹೆಚ್ಚು ಪಾರದರ್ಶಕ. ಗಡಸು ನೀರಿನ ಜಿಲ್ಲೆಯಲ್ಲಿ ಬೆಳೆದ ಮಕ್ಕಳಿಗೆ ಇದು ಬಹಳ ಹಿಡಿಸಿತು. ನಮ್ಮ ನೀರಿನ ಪರವಾಗಿ ಅವರು ಮೊದಲ ಬಾರಿ ಒಂದು ಮಾತು ಕೇಳಿದ್ದರು.

ಅವಳು ಅಲ್ಲಿಗೂ ಬಿಡಲಿಲ್ಲ. ಎರಡು ಕೆರೆಯಾದರೂ ಉಪಕರಣ ಒಂದೇ ಅಲ್ಲವೇ ಎಂದಳು. ಹೌದು. ಎಡ್ಜಸ್ ತಂಡ ತನ್ನ ಆಂಟೆನಾವನ್ನು ಹೊಸದಾಗಿ ಕಟ್ಟಿರುವುದೂ, ದಕ್ಷಿಣ ಆಫ್ರಿಕಾದ ಕರೂ ಬಯಲಿನಲ್ಲಿ ಬೇರೆಯದೇ ವಿಧಾನದ ‘ರೀಚ್’ ಪ್ರಯೋಗ ನಡೆಯುತ್ತಿರುವುದೂ, ರಾಮನ್ ಸಂಸ್ಥೆ ‘ಪ್ರತ್ಯುಷ್’ ಎಂಬ ಉಪಕರಣವನ್ನು ಚಂದ್ರನ ಸುತ್ತ ಕಳಿಸುವ ಯೋಜನೆ ಇಟ್ಟುಕೊಂಡಿರುವುದೂ ಇದೇ ಕಾರಣಕ್ಕೆ. ಚಂದ್ರನ ಹಿಂಬದಿಗೆ ಸರಿದಾಗ ಭೂಮಿಯ ಎಫ್‌ಎಂ ಕೇಳಿಸದು. ರೇಡಿಯೊ ಅಲೆಯನ್ನು ಬಾಗಿಸುವ ಅಯಾನುಗೋಳದ, ಅಂದರೆ ಭೂಮಿಯ ವಾತಾವರಣದ ವಿದ್ಯುದಾವೇಶದ ಮೇಲ್ಪದರದ, ಕಾಟವಿಲ್ಲ. ಕಕ್ಷೆಯಲ್ಲಿ ತೇಲುವ ಆಂಟೆನಾದ ಕೆಳಗೆ ತಾಗಿಕೊಂಡಿರುವ ಮಣ್ಣೂ ಇಲ್ಲ, ನೀರೂ ಇಲ್ಲ.

ಸೋಮವಾರ ಅವಳು ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ತುಂಬ ತಮ್ಮೂರ ಕೆರೆಯ ನೀರು ತಂದಿದ್ದಳು. ರಸಾಯನಶಾಸ್ತ್ರದವರಿಂದ ವಾಹಕತೆ ಮಾಪಕ ಕೇಳಿ ತಂದೆವು. ಮೂರು ಸಲ ಅದ್ದಿ, ಮೂರು ಅಂಕಿಗಳನ್ನೂ ಹಲಗೆಯ ಮೇಲೆ ಬರೆದಳು. ಪಕ್ಕದಲ್ಲಿ ದಿನಾಂಕ ಬರೆದಳು. ಆಮೇಲೆ, ನಾನು ಹೇಳುವ ಮೊದಲೇ, ಥರ್ಮಾಮೀಟರ್ ಎಲ್ಲಿದೆ ಎಂದು ಕೇಳಿದಳು.